ಐದನೆಯ ಕುಂಬಳಕಾಯಿ

ಕೀಲಿ ಸಿಗದೆ ಮೂರು ದಿನವಾಗಿತ್ತು.

"ಎಲ್ಲಿಟ್ನೋ ಕಾಣೆ ಸಾರ್, ಉಡುಕ್ತಾನೇ ಇವ್ನಿ" ಎಂದು ವೀರಮ್ಮ ದಿನವೂ ಅದೇ ರಾಗ ಹಾಡುತ್ತಿದ್ದಳು. ನಾಲ್ಕನೆಯ ದಿನ ರೇಣುಕಾಪ್ರಸಾದ್‌ಗೆ ರೇಗಿತು. ಬೆಳಗ್ಗೆ ಮೈಸೂರಿನಿಂದ ಹುಣಸೂರಿಗೆ ಬಸ್ಸು ಹತ್ತಿ ಬಂದು, ಕೈಕಟ್ಟಿ ಕೂತು, ಸಂಜೆ ವಾಪಸು ಹೋಗುವುದೂ ಒಂದು ಕೆಲಸವೇ? ಅಲ್ಲಿನ ವರ್ಕ್‌ಶಾಪ್ ಶೆಡ್ಡಿನಲ್ಲಿ ಲೋಹ ಕೊರೆಯುವ ಹಳೆಯ ಸಿಎನ್‌ಸಿ ಮಿಲ್ಲಿಂಗ್ ಯಂತ್ರದ ಕಂಟ್ರೋಲ್ ಕಿತ್ತು ಹೊಸದು ಕೂರಿಸಲು ಅವನನ್ನು ಕರೆಸಿದ್ದರು. ಕಂಟ್ರೋಲ್ ಇದ್ದ ಪ್ಯಾನೆಲ್ ಪೆಟ್ಟಿಗೆಗೆ ಬೀಗ.

"ಒಡೆದೇಬಿಡ್ತೀನಿ" ಎಂದು ಸುತ್ತಿಗೆ ಎತ್ತಿದ.

ವೀರಮ್ಮ ಸೆರಗಿನ ಗಂಟು ಬಿಚ್ಚಿ ಕೀಲಿ ತೆಗೆದಳು.

"ಬ್ಯಾಡಿ ಸಾರ್. ಅವ್ರು ಇರೋದು ಅದ್ರೊಳಗೇಯ. ಅದ್ನ ತೆಗೆದ್ರೆ ನಂಗೇನೂ ಉಳಿಯಕಿಲ್ಲ."

ಅವರು ಎಂದರೆ ಅವಳ ಗಂಡ ಸಣ್ಣಯ್ಯ. ಹನ್ನೆರಡು ವರ್ಷ ಈ ಯಂತ್ರ ನಡೆಸಿದವನು. ಎರಡು ವರ್ಷದ ಹಿಂದೆ ಆಯುಧಪೂಜೆಯ ಮಾರನೆಯ ಬೆಳಗ್ಗೆ, ವಿಜಯದಶಮಿ ಒಳ್ಳೆಯ ದಿನವೆಂದು ಬೇಗನೆ ಬಂದು ಕೆಲಸ ಶುರು ಮಾಡಿದ. ನಿಂತಿದ್ದ ಯಂತ್ರದ ಬಾಗಿಲು ತೆಗೆದು ಒಳಗೆ ಕೈ ಹಾಕಿದ. ಬಾಗಿಲು ತೆರೆದಿರುವಾಗ ಒಳಗಿನ ಕಟರ್ ತಿರುಗಲೇಬಾರದು. ತಿರುಗಿತು. ಮೈಸೂರಿಗೆ ಸಾಗಿಸುವಾಗ ಬಿಳಿಕೆರೆ ದಾಟುವ ಮುನ್ನವೇ ಅವನ ಉಸಿರು ನಿಂತಿತ್ತು.

ಯಾಕೆ ತಿರುಗಿತು? ಊರಿಗೆ ಉತ್ತರ ಗೊತ್ತಿತ್ತು, ಊರಿಗೇನು! ಶೆಡ್ಡಿನ ಮಾಲೀಕ ಶಶಿಕುಮಾರ್ ಆ ವರ್ಷ ಐದು ಯಂತ್ರಗಳಿಗೆ ನಾಲ್ಕೇ ಬೂದುಗುಂಬಳಕಾಯಿ ತಂದಿದ್ದ. ಐದನೆಯದಕ್ಕೆ ನಿಂಬೆಹಣ್ಣಿನಲ್ಲೇ ಸುಧಾರಿಸಿದ್ದ. ತನ್ನ ಪಾಲಿನ ಬಲಿಯನ್ನು ಯಂತ್ರ ತಾನೇ ತೆಗೆದುಕೊಂಡಿತು, ಅಷ್ಟೇ. ಅಂದಿನಿಂದ ಅದರ ಮೇಲೆ ಟಾರ್ಪಾಲು. ಕರೆಂಟಿಲ್ಲದಾಗಲೂ ಒಳಗೆ ಗರಗರ ಎನ್ನುತ್ತದಂತೆ. ಕಿವಿಯಾರೆ ಕೇಳಿದವರು ಮಾತ್ರ ಒಬ್ಬರೂ ಸಿಗಲಿಲ್ಲ.

ಶಶಿಕುಮಾರ್ ಎರಡು ವರ್ಷದಲ್ಲಿ ಅರ್ಧ ಆಳಾಗಿದ್ದ. ಅಮಾವಾಸ್ಯೆಗೊಂದು ಕುಂಬಳಕಾಯಿ ತಂದು ಟಾರ್ಪಾಲಿನ ಮುಂದೆ ಒಡೆಯುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಅವನಿಗೇ ಹೇಳಿ ಮಾಡಿಸಿದಂತಿತ್ತು.

"ನಾನೇ ಕೊಂದೆ ಸಾರ್ ಅವನ್ನ" ಎಂದ. "ರಾತ್ರಿ ಕಣ್ಣು ಮುಚ್ಚಿದ್ರೆ ಬಂದು ಮುಂದೆ ನಿಂತ್ಕೋತಾನೆ. ಅದ್ಯಾಕೆ ತಿರುಗ್ತು ಅಂತ ನೀವಾರ ಹೇಳಿ. ಇಲ್ಲಾಂದ್ರೆ ಈ ಶೆಡ್ಡೇ ಮುಚ್ಚಿಬುಡ್ತೀನಿ."

"ನಿಮ್ದೇನೂ ತಪ್ಪಿಲ್ಲ ಬುಡಿ ಅಣ್ಣ" ಎಂದಳು ವೀರಮ್ಮ. ಎರಡು ವರ್ಷದಿಂದಲೂ ಹಾಗೇ ಹೇಳುತ್ತಿದ್ದಳಂತೆ. ಗಂಡನನ್ನು ಕಳೆದುಕೊಂಡೂ ಎಂಥ ದೊಡ್ಡ ಮನಸ್ಸು ಎಂದುಕೊಂಡ ರೇಣುಕಾಪ್ರಸಾದ್.

ಮದುವೆಗೆ ಮುಂಚೆ ಅವಳು ಪಂಪ್‌ಸೆಟ್ ಮೋಟಾರುಗಳಿಗೆ ಕಾಯಿಲ್ ಸುತ್ತುವ ಕೆಲಸ ಮಾಡುತ್ತಿದ್ದಳು. ಸಣ್ಣಯ್ಯ ಹೋದ ಮೇಲೆ ಶಶಿಕುಮಾರ್ ಇಲ್ಲೇ ಲೋಹದ ಅಂಚುಗಳಿಗೆ ಅರ ಹಾಕಿ ನುಣುಪು ಮಾಡುವ ಕೆಲಸ ಕೊಟ್ಟಿದ್ದ. ಊಟದ ಹೊತ್ತಿಗೆ ಹೋಗಿ ಆ ಟಾರ್ಪಾಲಿನ ಮುಂದೆಯೇ ಕೂರುತ್ತಾಳೆ, ತುಟಿ ಅಲ್ಲಾಡುತ್ತಿರುತ್ತದೆ, ತುತ್ತು ಮಾತ್ರ ಇಳಿಯುವುದಿಲ್ಲ. ಗಂಡನ ಜೊತೆ ಮಾತಾಡುತ್ತಾಳೆ ಎಂದು ಜನ ಮರುಗುತ್ತಿದ್ದರು.

ಪ್ಯಾನೆಲ್ ತೆರೆಯಿತು. ಜೇಡರ ಬಲೆ, ಧೂಳು. ರೇಣುಕಾಪ್ರಸಾದ್ ಕೈ ಚಾಚುವ ಮುನ್ನವೇ ವೀರಮ್ಮ ಸರಿಯಾದ ಸ್ಕ್ರೂಡ್ರೈವರನ್ನೇ ಮುಂದೆ ಹಿಡಿದಳು. ಶಶಿಕುಮಾರ್ ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಒಳಗೆ ಗೇಣುದ್ದದ ಕೆಂಪು ವೈರು. ಬಾಗಿಲಿನ ಸ್ವಿಚ್ಚಿನಿಂದ ಬಂದ ಎರಡು ತುದಿಗಳನ್ನು ಅದು ಸೇರಿಸಿತ್ತು. ಹೀಗೆ ಕಟ್ಟಿದರೆ ಬಾಗಿಲು ಹಾರುಹೊಡೆದಿದ್ದರೂ ಮುಚ್ಚಿದೆ ಎಂದೇ ಯಂತ್ರ ತಿಳಿಯುತ್ತದೆ.

ಯಾಕೆ ಕಟ್ಟಿದ್ದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹತ್ತು ಶೆಡ್ಡುಗಳಲ್ಲಿ ಕಂಡಿದ್ದ. ಆಯುಧಪೂಜೆಯಲ್ಲಿ ಮಂಗಳಾರತಿ ಎತ್ತುವಾಗ ಹೂ ಮುಡಿದ ಯಂತ್ರ ಎಲ್ಲರ ಕಣ್ಣೆದುರು ತಿರುಗಬೇಕು. ಬಾಗಿಲು ಮುಚ್ಚಿದರೆ ಕಾಣುವುದು ಹೇಗೆ? ಅದಕ್ಕೇ ಒಂದು ಗಳಿಗೆಗೆಂದು ವೈರು ಕಟ್ಟುತ್ತಾರೆ, ಆಮೇಲೆ ಬಿಚ್ಚುತ್ತಾರೆ. ಇಲ್ಲಿ ಬಿಚ್ಚಿರಲಿಲ್ಲ.

"ಈ ಪೆಟ್ಟಿಗೆ ಯಾರು ಮುಟ್ತಿದ್ರು?"

"ಸಣ್ಣಯ್ಯನೇ. ಇನ್ನೊಬ್ರನ್ನ ಅತ್ರಕ್ಕೂ ಸೇರಿಸ್ತಿರ್ನಿಲ್ಲ" ಎಂದ ಶಶಿಕುಮಾರ್.

ಅಯ್ಯೋ ಪುಣ್ಯಾತ್ಮ, ನಿನ್ನ ಕೈಯಾರೆ ನೀನೇ ಮಾಡಿಕೊಂಡೆಯಲ್ಲಪ್ಪ! ಎಂದುಕೊಂಡ ರೇಣುಕಾಪ್ರಸಾದ್. ಹೆಂಡತಿಯ ಎದುರು ಇದನ್ನು ಹೇಗೆ ಹೇಳುವುದು? ಬೆನ್ನು ತಿರುಗಿಸಿ ವೈರು ಕತ್ತರಿಸಿದ, ಜೇಬಿಗೆ ಹಾಕಿಕೊಂಡ.

"ಕರೆಂಟು ಕಡಿಯೋ ರಿಲೇ ಅಂಟಿಕೊಂಡಿತ್ತು" ಎಂದ ಗಟ್ಟಿಯಾಗಿ. "ವಯಸ್ಸಾದ ಯಂತ್ರ. ಕುಂಬಳಕಾಯಿಗೂ ಇದಕ್ಕೂ ಸಂಬಂಧವೇ ಇಲ್ಲ. ಯಾರ ತಪ್ಪೂ ಅಲ್ಲ."

ಶಶಿಕುಮಾರ್ ಅಲ್ಲೇ ಕುಸಿದು ಗೊಳೋ ಎಂದು ಅತ್ತ. ಅತ್ತು ಮುಗಿಸಿ, ಮುಖ ತೊಳೆಯಲು ನಲ್ಲಿಯ ಕಡೆ ಹೋದ.

ವೀರಮ್ಮ ಅಳಲಿಲ್ಲ. ಹತ್ತಿರ ಬಂದು ಅಂಗೈ ಚಾಚಿದಳು.

"ಜೇಬಿಗಾಕ್ಕೊಂಡ್ರಲ್ಲ, ಅದ್ನ ಕೊಡಿ ಸಾರ್."

ಕಂಡುಬಿಟ್ಟಿದ್ದಾಳೆ. ಅವನು ತಲೆ ತಗ್ಗಿಸಿದ. "ಅವರನ್ನ ಬೈಕೋಬೇಡಿ ತಾಯಿ. ಎಂಥವರಿಗೂ ಒಂದು ಮರೆವು ಬರುತ್ತೆ."

"ಅವ್ರು ಮರೀನಿಲ್ಲ ಸಾರ್. ಅವ್ರು ಪೂಜೆಗೆ ಮಿಂದು ಒದ್ದೆ ಪಂಚೇಲಿದ್ರು, ಕರೆಂಟು ಮುಟ್ಬಾರ್ದು ಅಂತ ವೈರು ಕಟ್ಟಿದ್ದು ನಾನು. ಆರತಿ ಆಗೋ ಒತ್ಗೆ ಸ್ಕ್ರೂಡ್ರೈವರ್ ಸಾಮಾನೆಲ್ಲ ಪೂಜೆಗಿಟ್ಟಿದ್ರು. ಪೂಜೆಗಿಟ್ಟಿದ್ನ ಮುಟ್ಬಾರ್ದು, ನಾಳಿದ್ದು ಬಂದು ಬಿಚ್ಚುದ್ರಾಯ್ತು ಅಂತ ತವರಿಗೆ ಹಂಪಾಪುರದ ಬಸ್ಸತ್ತಿದೆ. ಮಾರ್ನೆ ದಿನ ಯಂತ್ರ ಶುರು ಮಾಡೋಕ್ ಮುಂಚೆ ಅವ್ರು ಫೋನ್ ಮಾಡಿ, 'ಅಮ್ಮಿ, ವೈರು ಬಿಚ್ಚಿದ್ಯಾ?' ಅಂತ ಕೇಳುದ್ರು."

ಅವಳ ಅಂಗೈ ಚಾಚಿದಂತೆಯೇ ಇತ್ತು.

"ಬೈತಾರೆ ಅಂತ, ಊಂ ಅಂದ್ಬುಟ್ಟೆ."