ಒಂದು ಹನಿ ಸೋಪು

ಸೋಪಿನ ನೀರು ಒಂದು ಹನಿ ಬಿದ್ದಿದ್ದೇ ತಡ, ಪ್ರೊಫೆಸರರ ಕೈಯಲ್ಲಿದ್ದ ಗಾಜಿನ ಕೊಳವೆ ಹಳದಿಗೆ ತಿರುಗಿತು. ಹಳದಿಯೆಂದರೆ ರೋಗದ ಕಿಣ್ವ ತನ್ನ ಪಾಡಿಗೆ ಕೆಲಸ ಮಾಡುತ್ತಿದೆ ಎಂದರ್ಥ. ಅದನ್ನು ತಡೆಯುವ ಔಷಧಕ್ಕಾಗಿಯೇ ಅವರು ಹನ್ನೊಂದು ವರ್ಷ ಸವೆಸಿದ್ದರು. ಆ ಔಷಧವೂ ಈಗ ಅದೇ ಕೊಳವೆಯಲ್ಲಿತ್ತು.

ಅವರ ಪ್ರಬಂಧ ಓದಿದ ಯಾರೋ ಅಪರಿಚಿತರು, 'ಸೋಪು ಹಾಕಿ ನೋಡಿದ್ದೀರಾ?' ಎಂದು ಬರೆದಿದ್ದರು. ಅದಕ್ಕೇ ಪ್ರೊಫೆಸರರು ಇವತ್ತು ತಾವೇ ಒಂದು ಹನಿ ಹಾಕಿದ್ದರು. ನಿಜವಾದ ಔಷಧ ಸೋಪಿಗೆ ಜಗ್ಗುವುದಿಲ್ಲ. ಇವರದು ಬರೀ ಮುದ್ದೆಗಟ್ಟಿ ಕಿಣ್ವಕ್ಕೆ ಮೆತ್ತಿಕೊಂಡು, ಅದನ್ನು ತಡೆದಂತೆ ತೋರುತ್ತಿತ್ತು. ಸೋಪು ಸೋಕಿದರೆ ಕರಗಿಹೋಗುತ್ತಿತ್ತು. ಕೊಳವೆ ಹೀಗೆ ಹಳದಿಯಾಗಿದ್ದು ಇದೇ ಮೊದಲಲ್ಲ. ಎಷ್ಟೋ ಸಲ ಆಗಿತ್ತು. ಆಗೆಲ್ಲ ಅವರು ಅದನ್ನು ಚೆಲ್ಲಿ, ಗಾಜು ತೊಳೆಯುವವಳನ್ನು ಎಲ್ಲರೆದುರು ಕರೆಸಿ ಬೆವರಿಳಿಸಿದ್ದರು. "ಮತ್ತೆ ಸೋಪು ಉಳಿಸಿದ್ದೀಯ. ಕಣ್ಣು ಎಲ್ಲಿಟ್ಟಿರ್ತೀಯ?" ಒಮ್ಮೆಯಂತೂ, ಮೂಸಿ ನೋಡು ಎಂದು ಕೊಳವೆಯನ್ನು ಅವಳ ಮೂಗಿಗೇ ಹಿಡಿದಿದ್ದರು. ಅವಳು ಮೂಸಿದ್ದಳು. ವಿದ್ಯಾರ್ಥಿಗಳು ನಕ್ಕಿದ್ದರು.

ಈಗ ಬಾಗಿಲು ತಳ್ಳಿಕೊಂಡು ಅವಳೇ ಬಂದಳು, ತೊಳೆದ ಗಾಜಿನ ಬುಟ್ಟಿಯನ್ನು ಸೊಂಟಕ್ಕೊತ್ತಿಕೊಂಡು. ಹಳದಿ ಕಂಡಿದ್ದೇ ಮುಖ ಇಳಿಯಿತು. ಬುಟ್ಟಿ ಕೆಳಗಿಟ್ಟು, ಒದ್ದೆ ಕೈ ಒರೆಸಿಕೊಂಡು ಮುಂದೆ ಚಾಚಿದಳು. ಬೆರಳ ತುದಿಗಳು ಸೋಪಿಗೆ ಬೆಳ್ಳಗೆ ಸುಲಿದಿದ್ದವು.

"ತಪ್ಪಾಯ್ತು ಸಾರ್. ಕೊಡಿ, ಇನ್ನೊಂದ್ಸಲ ತೊಳೆದ್ಕೊಡ್ತೀನಿ."

'ಸೋಪು ಹಾಕಿದ್ದು ನಾನೇ ಕಣಮ್ಮ' ಎನ್ನಲು ಪ್ರೊಫೆಸರರು ಬಾಯಿ ತೆರೆದರು. ಕೊಟ್ಟುಬಿಟ್ಟರೆ ಮುಗಿಯಿತು, ಎಂದಿನಂತೆ ತಪ್ಪು ಅವಳದೇ ಎಂದೂ ಹೊಳೆಯಿತು. ಮಾತು ಹೊರಡುವಷ್ಟರಲ್ಲಿ ಅವರ ಕೈ ಕೊಳವೆಯನ್ನು ಅವಳ ಅಂಗೈಯಲ್ಲಿ ಇಟ್ಟಾಗಿತ್ತು.