ಡಬ್ಬದ ಬಾಯಿ

ಹಾಲಿನ ಪುಡಿಯ ಖಾಲಿ ಡಬ್ಬವನ್ನು ಮಾಳಿಗೆಯ ಮೇಲಿನ ಕೊಳವೆಗೆ ಕಟ್ಟುತ್ತಿದ್ದಾಗ ಅವಳು ಗಂಡನ ಕೈಗೆ ಸಿಕ್ಕಿಬಿದ್ದಳು.

ಅವನು ಡಬ್ಬವನ್ನು ನೋಡಿದ. ಡಬ್ಬದ ಬಾಯಿ ತಿರುಗಿದ್ದ ದಿಕ್ಕನ್ನು ನೋಡಿದ. ಮೈದಾನದಾಚೆ, ಸರಿಯಾಗಿ ಅದರ ನೇರಕ್ಕೆ, ಅವನ ಅಣ್ಣನ ಮನೆ.

“ಏನಿದು?”

ಅಣ್ಣ ತಮ್ಮ ಸೇರಿ ನಡೆಸುತ್ತಿದ್ದ ಫ್ಯಾನು ಮಿಕ್ಸಿ ರಿಪೇರಿಯ ಅಂಗಡಿ ಹೋದ ವರ್ಷ ಪಾಲಾಗಿತ್ತು. ಎಲ್ಲವೂ ಸಲೀಸಾಗಿ ಹಂಚಿಹೋಗಿ, ಕೊನೆಗೆ ಒಂದು ಏಣಿಯ ಹತ್ತಿರ ಬಂದು ಮುರಿದುಬಿದ್ದಿತ್ತು. ಏಣಿಯನ್ನು ಅಣ್ಣ ಹೊತ್ತುಕೊಂಡು ಹೋದ. ತಮ್ಮ ಶಪಥ ಮಾಡಿದ: ಆ ಮನೆಯ ಜೊತೆ ಇನ್ನು ಯಾವ ಸಂಪರ್ಕವೂ ಇರಕೂಡದು, ಇದೆಯೆಂದು ತಿಳಿದ ದಿನವೇ ಊರಿನ ಆ ತುದಿಗೆ ಮನೆ ಬದಲಾಯಿಸುತ್ತೇನೆ. ಹೇಳಿದ್ದನ್ನು ಮಾಡಿಯೇ ತೀರುವ ಜಾತಿ. ಹಾಗೆ ಹೋಗಿಬಿಟ್ಟರೆ ಮೈದಾನದಾಚೆಯ ಹಗ್ಗದ ಮೇಲೆ ಒಣಗುವ ಅಕ್ಕನ ಬಟ್ಟೆಗಳ ಬಣ್ಣವೂ ಅವಳಿಗೆ ಕಾಣದು.

ಅಕ್ಕ ಎಂದರೆ ಓರಗಿತ್ತಿ, ಭಾವನ ಹೆಂಡತಿ. ಮದುವೆಯಾಗಿ ಬಂದ ಹೊಸದರಲ್ಲಿ ಒಂದೇ ಒಲೆಯ ಮುಂದೆ ನಿಂತು ಇಬ್ಬರೂ ಗಂಡಂದಿರನ್ನು ಆಡಿಕೊಂಡು ನಗುತ್ತಿದ್ದರು. ಆಡಿಕೊಳ್ಳಲು ವಿಷಯ ಈಗಲೂ ಬೇಕಾದಷ್ಟಿತ್ತು. ಆದರೆ ಒಬ್ಬಳೇ ಕೂತು ನಕ್ಕರೆ ನೋಡಿದವರು ಏನೆಂದುಕೊಂಡಾರು?

“ನೆಟ್,” ಎಂದಳು ತಡವರಿಸುತ್ತ. “ಡಬ್ಬದ ಬಾಯಿ ಎತ್ತ ಇರುತ್ತೋ ಅತ್ತ ತುಂಬಾ ದೂರದವರೆಗೂ ಎಟಕುತ್ತಂತೆ. ವಿಡಿಯೋ ನೋಡಿ ಮಾಡ್ದೆ.”

“ಅಂದ್ರೆ... ಅಣ್ಣನ ಮನೆ ನೆಟ್ ಕದೀತಿದೀಯಾ?”

ಅವಳು ತಲೆ ತಗ್ಗಿಸಿದಳು.

ಅವನ ಮುಖ ಹೂವಿನ ಹಾಗೆ ಅರಳಿತು. “ಏಣಿ ಹೊಡ್ಕೊಂಡ್ನಲ್ಲ, ಅನುಭವಿಸ್ಲಿ. ಯಾರ ಹತ್ರನೂ ಬಾಯಿ ಬಿಡ್ಬೇಡ.”

ಕೆಳಗಿಳಿದು ಬಂದು ಹೊಲಿಗೆ ಮೆಷಿನ್ನಿನ ಹಿಂದಿದ್ದ ಬಿಳಿ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ಪರೀಕ್ಷಿಸಿದ. ಡಬ್ಬ ಹಿಡಿದದ್ದನ್ನು ಮನೆಗೆಲ್ಲ ಹಂಚುವುದು ಇದೇ ಎಂದಳು ಅವಳು. ಒಂದು ವೈರು ಕರೆಂಟಿಗೆ. ಇನ್ನೊಂದು ಮಾಳಿಗೆಯ ಡಬ್ಬಕ್ಕೆ. ಮೂರನೆಯದು, ನೂಲಿನಷ್ಟು ತೆಳ್ಳಗಿನ ಕಪ್ಪು ವೈರು, ಕಿಟಕಿಯ ಸಂದಿಯಿಂದ ಹೊರಗೆ ಹೋಗಿತ್ತು.

“ಅರ್ಥಿಂಗಾ?”

“ಹೂಂ.”

“ಭೇಷ್. ತೆಳುವಾಯ್ತು, ಪರವಾಗಿಲ್ಲ. ನನ್ನ ಕಟ್ಕೊಂಡಿದ್ದಕ್ಕೆ ಇಷ್ಟಾದ್ರೂ ಕಲಿತ್ಯಲ್ಲ.” ಆಮೇಲೆ ಅವಳ ಜೊತೆ ಮತ್ತೆ ಮಾಳಿಗೆ ಹತ್ತಿ, ಡಬ್ಬದ ತಳದ ಬಳಿ ಅವಳು ಬೆಸೆದಿದ್ದ ತಾಮ್ರದ ತಂತಿಯನ್ನು ನೋಡಿ ನಕ್ಕ. “ಇದು ಬೆಸುಗೆಯೋ, ಗೊದ್ದ ಇರುವೆಯ ಗೂಡೋ? ಕೊಡಿಲ್ಲಿ. ನಾನು ಹೊಸದು ಮಾಡ್ತೀನಿ.”

“ಹೇಗೂ ಮಾಡ್ತೀರಲ್ಲ, ಎರಡು ಮಾಡಿ. ಒಂದು ಕೆಟ್ರೆ ಇನ್ನೊಂದಿರ್ಲಿ.”

ಅವನು ಎರಡು ಡಬ್ಬ ಮಾಡಿದ. ಅವಳಿ ಮಕ್ಕಳ ಹಾಗೆ ಒಂದೇ ಅಳತೆ, ಒಂದೇ ಹೊಳಪು. ಒಂದು ಮಾಳಿಗೆಗೇರಿತು. ಆ ವಾರ ಹೊಲಿದ ಅಂಗಿ ಒಯ್ಯಲು ಬಂದ ಮೈದಾನದಾಚೆಯ ಗಿರಾಕಿಯೊಬ್ಬಳ ಗಂಟು ಕೊಂಚ ಉಬ್ಬಿಕೊಂಡಿತ್ತು.

“ಇನ್ನೊಂದೆಲ್ಲೇ?”

“ಭದ್ರವಾಗಿದೆ.”

ಸಂಜೆ ಅಂಗಡಿ ಮುಚ್ಚಿ ಬಂದವನೇ ಫೋನು ಹಿಡಿದು ಕೂರುವುದು ರೂಢಿಯಾಯಿತು. ಹಳೆಯ ಹಾಡು, ಯಾರದೋ ಕುಸ್ತಿ, ಮೊಸಳೆ ಹಿಡಿಯುವವರು. ನೋಡುವುದಕ್ಕಿಂತ ಕದ್ದು ನೋಡುವುದರಲ್ಲಿ ಅವನಿಗೆ ಹೆಚ್ಚು ಖುಷಿ.

“ಅತ್ತಿಗೆಗೆ ಗೊತ್ತಾದ್ರೆ ಏನಂತಾರೋ?”

“ಏನಂತಾರೆ? ನಕ್ಕುಬಿಡ್ತಾರೆ ಅಷ್ಟೆ.”

ಒಂದು ಭಾನುವಾರ ಬೆಳಿಗ್ಗೆ ಅವನು ಮಾಳಿಗೆಯಿಂದ ದಡದಡನೆ ಇಳಿದು ಬಂದ. ಕಂಕುಳಲ್ಲಿ ಡಬ್ಬ. “ಕೆಟ್ಟೆವು ಕಣೇ. ಡಬ್ಬ ಬಿಚ್ಚಿ ಒರೆಸ್ತಿದ್ದೆ, ನೋಡಿದ್ರೆ ಅಣ್ಣ ಅವನ ಮಾಳಿಗೆ ಮೇಲೆ ಅದೇ ಏಣಿ ಹಾಕ್ಕೊಂಡು ಹತ್ತಿದಾನೆ. ಕೈಯಲ್ಲಿ ಏನೋ ಪಳಪಳ ಅಂತಿದೆ. ನಮ್ಮ ಕಡೆಗೇ ಹಿಡಿದು ನೋಡ್ತಿದಾನೆ. ದುರ್ಬೀನೇ ಇರ್ಬೇಕು.”

ಅವಳ ಕೈಯಲ್ಲಿದ್ದ ಕತ್ತರಿ ನಿಂತಿತು.

“ಗೊತ್ತಾಗೋಯ್ತು ಅಂದ್ರೆ ನನ್ನ ಮರ್ಯಾದೆ ಮೂರು ಕಾಸಿಗಿಲ್ಲ. ಇವತ್ತೇ ಮನೆ ಹುಡುಕ್ತೀನಿ. ಈ ಮೈದಾನದ ಸಹವಾಸವೇ ಬೇಡ.”

ಅಷ್ಟರಲ್ಲಿ ಮಂಚದ ಮೇಲೆ ಬಿಟ್ಟುಹೋಗಿದ್ದ ಅವನ ಫೋನಿನಲ್ಲಿ ಮೊಸಳೆ ಬಾಲ ಬಡಿಯಿತು. ಅವನು ತಿರುಗಿ ನೋಡಿದ. ಕಂಕುಳಿನ ಡಬ್ಬವನ್ನು ನೋಡಿದ. ಮತ್ತೆ ಫೋನನ್ನು ನೋಡಿದ.

“ಡಬ್ಬ ಕಿತ್ತು ತಂದ್ರೂ ನೆಟ್ ಬರ್ತಿದೆಯಲ್ಲೇ?”

ಹುಡುಕಿ ಹುಡುಕಿ ಅವಳಿಗೆ ಒಂದು ಮಾತು ಕೈಗೆ ಬಂತು.

“ಮತ್ತೆ? ನಿಮ್ಮ ಕೈಯಿಂದ ಬೆಸೆದಿದ್ದು ಅಂದ್ರೆ ಸುಮ್ನೆನಾ?”

ಅವನು ಯೋಚಿಸಿದ. ಯೋಚಿಸಿದಷ್ಟೂ ಅದು ನಿಜವೆನ್ನಿಸಿರಬೇಕು. ಬೆಸುಗೆಯ ಮೇಲೆ ಹೆಬ್ಬೆರಳಾಡಿಸಿದ. “ಅದೂ ಸರಿ ಅನ್ನು,” ಎಂದ. ಸ್ವಲ್ಪ ಹೊತ್ತಿಗೆ ಅಣ್ಣ ಕೆಳಗಿಳಿದದ್ದನ್ನು ಕಿಟಕಿಯಿಂದ ಖಾತ್ರಿ ಮಾಡಿಕೊಂಡು, ಬಗ್ಗಿಕೊಂಡೇ ಮಾಳಿಗೆಗೆ ಹೋಗಿ ಡಬ್ಬವನ್ನು ಅದೇ ನೇರಕ್ಕೆ ಕೂರಿಸಿ, ತರಕಾರಿಗೆಂದು ಚೀಲ ಹಿಡಿದು ಹೊರಟ. ಮನೆ ಬದಲಾಯಿಸುವ ಮಾತು ಅಲ್ಲಿಗೆ ನಿಂತಿತು.

ಅವನ ಚಪ್ಪಲಿಯ ಸದ್ದು ತಿರುವು ದಾಟುತ್ತಲೇ ಅವಳು ಬಾಗಿಲಿಗೆ ಚಿಲಕ ಹಾಕಿ ಬಂದಳು. ಹೊಲಿಗೆ ಮೆಷಿನ್ನಿನ ಮೇಲೆ ಫೋನು ಮಿಣುಕಿತು. ಪರದೆಯ ತುಂಬ ಅಕ್ಕನ ಮುಖ.

“ಎಲ್ಲಿ ಹಾಳಾಗಿ ಹೋಗಿದ್ಯೇ? ಮಾತು ಅರ್ಧಕ್ಕೇ ಕಡಿದೋಯ್ತು. ನಿಮ್ಮ ಭಾವ ಪಾಪ ಏಣಿ ಹತ್ತಿ ಡಬ್ಬ ಒರೆಸಿದ್ದೇ ಒರೆಸಿದ್ದು. ಬೆಸುಗೆ ನೋಡಿ ‘ಯಾವನೋ ಪಳಗಿದ ಕೈ’ ಅಂತ ಮೆಚ್ಕೊಂಡ್ರು ಬೇರೆ. ಕೇಳಿಲ್ಲಿ, ‘ತಮ್ಮನ ಮನೆ ನೆಟ್ ಕದೀತಿದೀವಿ, ಆ ಪೆದ್ದನಿಗೆ ಗೊತ್ತಾಗ್ಬಾರ್ದು, ಎಲ್ಲೂ ಬಾಯಿ ಬಿಡ್ಬೇಡ’ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದಾರೆ.”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುತ್ತಲೇ ಅವಳು, ಹೊಲಿಗೆಯ ದುಡಿಮೆಯಲ್ಲಿ ತನ್ನದೇ ಹೆಸರಿಗೆ ಹಾಕಿಸಿಕೊಂಡ ನೆಟ್ಟನ್ನು ಬೀದಿಯ ಕಂಬದಿಂದ ಒಳಗೆ ತರುತ್ತಿದ್ದ ಆ ‘ಅರ್ಥಿಂಗ’ನ್ನು ಕಿಟಕಿಯ ಪರದೆಯ ಹಿಂದಕ್ಕೆ ಸರಿಸಿದಳು.