ಕಟ್ಟಿಗೆಯ ಧೂಳು

ಬಾಗಿಲು ಕಿಟಕಿ ಮಾಡುವ ತನ್ನ ಕಾರ್ಖಾನೆಯಲ್ಲಿ ಬಡಿಗ ಮೌನೇಶನ ಮೂಗಿನಿಂದ ರಕ್ತ ಸೋರಿದಾಗಲೆಲ್ಲ ಗದಿಗೆಪ್ಪ, "ಉಷ್ಣ ಆಗೇತಿ, ಉಳ್ಳಾಗಡ್ಡಿ ಮೂಸು" ಎಂದು ಮತ್ತೆ ಕೆಲಸಕ್ಕೆ ಹಚ್ಚುತ್ತಿದ್ದ. ಕೊನೆಗೆ ಅದು ಸೈನಸ್ ಕ್ಯಾನ್ಸರ್ ಎಂದು ಗೊತ್ತಾಯಿತು.

"ಮೊದಲಾಗಿದ್ರೆ ಕೆನ್ನೆ ಕೊಯ್ಯಬೇಕಿತ್ತು. ಈಗ ಮೂಗಿನ ಒಳಗಿಂದಲೇ ಗಡ್ಡೆ ತೆಗೆದಿದ್ದೀವಿ" ಎಂದರು ಡಾಕ್ಟರು. "ಕಟ್ಟಿಗೆ ಧೂಳು ಕುಡಿಯೋರಿಗೆ ಈ ಕಾಯಿಲೆ ಹೆಚ್ಚು. ಧೂಳು ಎಳೆಯೋ ಯಂತ್ರ ಇದ್ರೆ ಅಪಾಯ ಕಡಿಮೆ. ನಿಮ್ಮಲ್ಲಿ ಇದೆಯಾ?"

"ಇಲ್ರೀ" ಎಂದ ಗದಿಗೆಪ್ಪ. ಆ ಯಂತ್ರ ಹಾಕಿಸಿ ಎಂದು ಕಾರ್ಖಾನೆ ತಪಾಸಣೆಗೆ ಬಂದಿದ್ದ ಅಧಿಕಾರಿಯೊಬ್ಬರು ಬರೆದುಕೊಟ್ಟ ಕಾಗದವನ್ನು ಅವನು ಹರಿದೆಸೆದು ಆರು ವರ್ಷವಾಗಿತ್ತು.

ಎರಡು ಸಲ ವಾರ್ಡಿನ ಬಾಗಿಲ ತನಕ ಹೋಗಿ ಹಿಂದಿರುಗಿದ. ಮೂರನೇ ಸಲ ಒಳಗೆ ಹೋಗಿ ಮಂಚದ ಪಕ್ಕ ಕೂತ.

"ಮೌನೇಶ, ನಿನಗ ಒಂದ ಮಾತ ಹೇಳಬೇಕಾಗೇತಿ. ತಪ್ಪು ನಂದು..."

"ನಿಮ್ದೇನ್ ತಪ್ಪ್ರೀ ಸಾವಕಾರ್ರ? ಹದಿನೈದ ದಿನದಿಂದ ನನ್ನ ಬಿಟ್ಟು ಕದಲಿಲ್ಲ ನೀವು!" ಮೂಗಿಗೆ ಹತ್ತಿ ತುಂಬಿದ್ದ ಮೌನೇಶ ಕಷ್ಟಪಟ್ಟು ನಕ್ಕ. "ನಿಮ್ಮ ಕೆಲಸ ನಿಲ್ಲಬಾರದಂತ, ಇವತ್ತ ಮುಂಜಾನಿಂದ ನನ್ನ ಕಟ್ಟಿಗಿ ಕೊಯ್ಯು ಮಷಿನ್ ಮುಂದ ಮಗಳನ್ನ ನಿಂದ್ರಿಸೇನ್ರಿ."